ಗುರುವಿನ ಕೆಮ್ಮು, ನನ್ನ ಕೈನಡುಕ

ನಮ್ಮ ಮುತ್ತಜ್ಜ ತಿಜೋರಿಯ ಎದೆಗೆ ಕಿವಿಯಿಟ್ಟು, ಅಳುವ ಮಗುವನ್ನು ರಮಿಸುವಂತೆ ರಮಿಸಿ, ಬಾಗಿಲು ತೆರೆಸಿದವರು. ಅಜ್ಜ ಜೈಲಿಗೆ ಬೀಗ ಮಾಡಿಕೊಟ್ಟು, ಪರೀಕ್ಷಿಸಲು ಹೋಗಿ ತಾವೇ ಒಳಗೆ ಸಿಕ್ಕಿಕೊಂಡು, "ನೋಡಿದ್ರಾ ನನ್ನ ಕೆಲಸ!" ಎಂದು ಸರಳಿನ ಹಿಂದಿನಿಂದಲೇ ಮೀಸೆ ತಿರುವಿದವರು. ಅಪ್ಪ ಬೀಗವನ್ನು ಮುಟ್ಟಿಯೇ ಅದರ ಜಾತಕ ಹೇಳುತ್ತಿದ್ದರು. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕೀಲಿ ಉಜ್ಜುವ ಅರ ಹಿಡಿದೇ ಅಕ್ಷರ ಕಲಿತವನು. ಇಂಥ ವಂಶದ ಕುಡಿಯಾದ ನನ್ನ ಮೊಮ್ಮಗಳಿಗೆ ಚಿತ್ರ ಬರೆಯುವ ಕಾಲೇಜಿನಲ್ಲಿ ಸೀಟು ಸಿಕ್ಕಿತು. ದೂರದ ಊರು, ಹಾಸ್ಟೆಲು.

ಮಗ, ಸೊಸೆ ಕೆಲಸದ ಮೇಲೆ ಊರೂರು ಅಲೆಯುವವರು. ಅವಳನ್ನು ತೊಟ್ಟಿಲಿನಿಂದ ಸಾಕಿದವನು ನಾನು. (ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ.) ಅಂಗಡಿಯಲ್ಲಿ ಪಕ್ಕ ಕೂತು ಕೀಲಿ ಉಜ್ಜುವವಳು ಹೋದರೆ ನಾನು ಯಾರನ್ನು ಬೈಯಲಿ? ಬೇಡ ಎನ್ನಲು ಬಾಯಿಲ್ಲ, ಹೋಗು ಎನ್ನಲು ಮನಸ್ಸಿಲ್ಲ.

ಆಗ ಒಂದು ರಾತ್ರಿ ಅವಳು ಪಕ್ಕ ಬಂದು ಕೂತಳು; ದಾರಿ ತೋರಿಸಿದ್ದು ಅವಳ ಫೋನು. ಅದರಲ್ಲಿ ಜಪಾನಿನವರ ಕಾರ್ಟೂನು. (ಕಾರ್ಟೂನು ಅಂದರೆ ಅವಳಿಗೆ ಸಿಟ್ಟು, ಅನಿಮೆ ಅನ್ನಬೇಕಂತೆ.) ಬಿಳಿ ಗಡ್ಡದ ಗುರು, ಅವನು ಸಾಕಿದ ಅನಾಥ ಹುಡುಗಿ. ಅವಳು ಬಾಗಿಲ ಕಡೆ ನೋಡಿದರೆ ಸಾಕು, ಗುರು ಕೆಮ್ಮಿ, "ಹೋಗು ಮಗಳೇ, ನನ್ನ ಚಿಂತೆ ಬಿಡು" ಅನ್ನುತ್ತಾನೆ. ಅವಳು ಅಲ್ಲೇ ಉಳಿಯುತ್ತಾಳೆ.

"ಎಂಥಾ ದೊಡ್ಡ ಮನುಷ್ಯ!" ಅಂದೆ.

"ದೊಡ್ಡ ಮನುಷ್ಯ ಅಲ್ಲ ಅಜ್ಜ, ಗೋಮುಖವ್ಯಾಘ್ರ. ಅವಳನ್ನ ಬೆರಳ ತುದೀಲಿ ಕುಣಿಸ್ತಿದ್ದಾನೆ."

"ಸಾಕಿದ್ದಾನಲ್ಲೇ!"

"ಸಾಕಿದ್ದಾನೆ, ಹೌದು. ಬಾಗಿಲೂ ಹಾಕಿದ್ದಾನೆ."

ಮುಂದಿನ ಕಂತಿಗೆ ನನಗೆ ನಿದ್ದೆ ಬಂತು. ಕಲಿಯಬೇಕಾದ್ದನ್ನು ಕಲಿತಾಗಿತ್ತಲ್ಲ!

ಬೆಳಿಗ್ಗೆ ಅಂಗಡಿಯಲ್ಲಿ ಅರ ಬೀಳಿಸಿದೆ. ಕೈಯನ್ನು ಗಾಳಿಗೆ ಸಿಕ್ಕ ಎಲೆಯಂತೆ ನಡುಗಿಸಿ, "ಹೋಗು ಮಗಳೇ, ನನ್ನ ಚಿಂತೆ ಬಿಡು" ಅಂದೆ. ಅವಳ ಮುಖ ಬಾಡಿತು. ನೇರ ಅಜ್ಜಿಗೆ ಹೇಳಿದಳು.

ಅಲ್ಲಿಂದ ನನ್ನ ಗ್ರಹಚಾರ ಶುರು. ಹೆಂಡತಿ ಅರ, ಸುತ್ತಿಗೆ ಎಲ್ಲ ಎತ್ತಿಟ್ಟಳು. ಅಂಗಿಯ ಗುಂಡಿ ಅವಳೇ ಹಾಕಿದಳು. ಊಟಕ್ಕೆ ಕೂತರೆ, "ಆ ಅನ್ರೀ" ಎಂದು ಚಮಚ ಬಾಯಿಗೆ ತಂದಳು.

"ಏನೇ ಇದು, ಕೂಸಾ ನಾನು?"

"ಕೂಸಾದ್ರೂ ಮೇಲಿತ್ತು, ಬೆಳೆದು ಬುದ್ಧಿ ಬರ್ತಿತ್ತು. ಬಾಯಿ ತೆಗೀರಿ."

ಗಿರಾಕಿಗಳು ಸುದ್ದಿ ಕೇಳಿ ಎದುರಿನ, ಮೆಷಿನ್ನಲ್ಲಿ ಕೀಲಿ ಕೊರೆಯುವ ಅಂಗಡಿಗೆ ದಾಟಿದರು. ನಾನು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನಂತೆ ಕೂತೆ; ಉಗುಳಲಾರೆ, ನುಂಗಲಾರೆ.

ಅಷ್ಟರಲ್ಲಿ ಪಕ್ಕದ ಬೀದಿಯ ದರ್ಜಿ ಹಳೇ ಹಿತ್ತಾಳೆ ಬೀಗ ತಂದ. "ಮೆಷಿನ್ನಿನವನು ಒಡೀಬೇಕು ಅಂತಾನೆ" ಅಂದ.

ಒಡೆಯುವುದಾ? ರಕ್ತ ಕುದಿಯಿತು. ಕಿತ್ತುಕೊಂಡು ತಂತಿ ತೂರಿಸಿದೆ. ಕಣ್ಣು ಮಿಟುಕಿಸುವುದರಲ್ಲಿ ಬೀಗ ಬಾಯಿಬಿಟ್ಟಿತು. ನನ್ನ ಕೈ ಕಲ್ಲಿನಂತೆ ನಿಂತಿತ್ತು. ತಲೆಯೆತ್ತಿದರೆ ಎದುರಿಗೆ ಮೊಮ್ಮಗಳು.

"ಮುಂದಿನ ಕಂತಲ್ಲಿ ಆ ಗುರುನೂ ಹೀಗೇ ಸಿಕ್ಕಿಬಿದ್ದ ಅಜ್ಜ. ನೀನು ಗೊರಕೆ ಹೊಡೀತಿದ್ದೆ."

ನಾನು ಬೀಗವನ್ನು ದರ್ಜಿಯ ಕೈಗೆ ತುರುಕಿದೆ.

"ನೀನು ಒಂಟಿಯಾಗ್ತೀಯ ಅಂತ ಮೊದಲೇ ಸೀಟು ಬೇಡ ಅಂದ್ಕೊಂಡಿದ್ದೆ. ಅದನ್ನ ಹೇಳೋಕೇ ಆವತ್ತು ರಾತ್ರಿ ಪಕ್ಕ ಬಂದು ಕೂತಿದ್ದು. ಕೈ ಇಷ್ಟು ಗಟ್ಟಿ, ಸುಳ್ಳು ಅದಕ್ಕಿಂತ ಗಟ್ಟಿ! ನಿನ್ನ ಬಗ್ಗೆ ಇನ್ನೇನು ಭಯ? ಹೋಗ್ತೀನಿ."

ನಾನು ತಂತಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಅವಳು ಬಗ್ಗಿ ನನ್ನ ಮುಖ ನೋಡಿದಳು. "ಹೋಗೋಕೆ ಮುಂಚೆ ಅಂಗಡೀಲಿ ನಿನ್ನ ಸಹಾಯಕ್ಕೆ ಯಾರನ್ನಾದ್ರೂ ಹುಡುಕಿಕೊಡ್ಲಾ ಅಜ್ಜ?"

"ಯಾರೂ ಬೇಡ, ಹೋಗೇ. ಚಪ್ಪಡಿ ತಲೆ ಮೇಲೆ ಎಳ್ಕೊಂಡಿದ್ದು ನಾನು. ಇಳಿಸೋದೂ ನಾನೇ ಇಳಿಸ್ಕೋತೀನಿ."