ಮಸ್ಕತ್ತಿಗೆ ಇಳಿಜಾರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಗು ಬರಬೇಕಾದ ಕಡೆ ವಿವರಣೆ ಕೊಟ್ಟು ಕೆಡಿಸುತ್ತೇನೆ ಎಂದು ಮನೆಯಲ್ಲೂ ಹೇಳುತ್ತಾರೆ. ಅಜ್ಜಂಪುರದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಭೂಗೋಳದ ಮೇಷ್ಟ್ರು ಎಂದಮೇಲೆ ಊರಿನಿಂದ ಯಾರು ಎಲ್ಲಿಗೆ ಹೊರಟರೂ ವಿಚಾರಿಸಲು ಬರುವುದು ನಮ್ಮ ಮನೆಗೇ. ಎಪ್ಪತ್ತರ ದಶಕದ ಕೊನೆಯಲ್ಲಿ ಎದುರುಮನೆಯ ಎಲೆಕ್ಟ್ರಿಷಿಯನ್ನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಾಗಲೂ ಹಾಗೇ ಆಯಿತು.

ದಾರ ಹಿಡಿದ ದೂರ

ಗಂಡ ವಿಮಾನದಲ್ಲಿರುವಷ್ಟು ಹೊತ್ತೂ ಏನೂ ತಿನ್ನುವುದಿಲ್ಲ ಎಂದು ಅವನ ಹೆಂಡತಿ ಹರಕೆ ಹೊತ್ತಿದ್ದಳು. ಹಸಿವು ತಡೆಯುವ ಜೀವವಲ್ಲ ಅದು. ಹಿಂದಿನ ಶಿವರಾತ್ರಿ ಉಪವಾಸದಲ್ಲಿ ತಲೆಸುತ್ತಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದಳು.

"ಬೊಂಬಾಯಿಂದ ಮಸ್ಕತ್ತು ಎಷ್ಟು ದೂರ ಮೇಷ್ಟ್ರೇ?" ಎಂದು ಕೇಳಿದಳು.

ಶಾಲೆಯ ನಕ್ಷೆಯ ಮೇಲೆ ದಾರ ಹಿಡಿದು ಅಳೆದೆ. ವಿಮಾನಕ್ಕೆ ತಿರುವುಗಳಿಲ್ಲ, ಆದ್ದರಿಂದ ದಾರವನ್ನು ಬಿಗಿಯಾಗಿ ಹಿಡಿಯಬೇಕು. ಸಾವಿರದ ಐನೂರು ಕಿಲೋಮೀಟರಿನ ಮೇಲೆ ಎಂದೆ.

"ಅದನ್ನ ಪೈಲೆಟ್ಟಿಗೆ ಹೇಳಿ. ನಂಗೆ ಎಷ್ಟೊತ್ತಿಗೆ ಉಣ್ಬೇಕು ಅಂತ ಹೇಳಿದ್ರೆ ಸಾಕು."

ಘಾಟಿ

ಏಜೆಂಟ್ ಕೊಟ್ಟ ಚೀಟಿಯಲ್ಲಿ, ಹೋಗುವಾಗ ಬೊಂಬಾಯಿ ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಮಸ್ಕತ್ತು ಸೇರುವುದು ಹನ್ನೊಂದೂಕಾಲಿಗೆ ಎಂದಿತ್ತು. ಬರುವಾಗ ಮಾತ್ರ ದಾರಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಒಂದೇ ದಾರಿ, ಇದು ಹೇಗೆ?

ಅವಳ ತಮ್ಮ ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಬಸ್ಸು ಓಡಿಸುತ್ತಿದ್ದ. "ಅದ್ರಲ್ಲೇನೈತೆ? ಹೋಗ್ತಾ ಇಳಿಜಾರು, ಬರ್ತಾ ಏರು. ನಮ್ ಘಾಟಿನೂ ಅಷ್ಟೇ ಕಣಕ್ಕಾ," ಎಂದ.

ನಾನು ಶಾಲೆಯಿಂದ ಗ್ಲೋಬ್ ತಂದು, ತಿರುಗಿಸಿ ತಿರುಗಿಸಿ, ಅಲ್ಲಿ ಹೊತ್ತು ತಡವಾಗಿ ಹುಟ್ಟುವುದನ್ನು ತೋರಿಸಿದೆ. ಅವನು ಗಮನವಿಟ್ಟು ನೋಡಿದ.

"ಇಷ್ಟು ಗುಂಡಗೈತೆ ಅಂದ್ಮೇಲೆ ಇಳಿಜಾರು ಇರದೆ ಇರುತ್ತಾ ಮೇಷ್ಟ್ರೇ?"

ಮಸ್ಕತ್ತಿನ ಗಡಿಯಾರ

ರೈಲು ಹತ್ತುವಾಗ ಗಂಡ ನನ್ನ ಕೈ ಹಿಡಿದು, "ನಾನು ಹೆಂಗೋ ಇಳೀತೀನಿ. ಇವಳು ಬೀಳದಂಗೆ ನೋಡ್ಕಳಿ," ಎಂದಿದ್ದ.

ಅವನು ಹಾರುವ ದಿನ ಹನ್ನೊಂದೂಕಾಲಿಗೆ ಅವರ ಮನೆಗೆ ಹೋದೆ. ಅವಳು ಆಗಲೇ ತಟ್ಟೆಯ ಮುಂದೆ ಕೂತು ಮುದ್ದೆ ಮುರಿದಿದ್ದಳು.

"ಇನ್ನೂ ಇಳಿದಿಲ್ಲ ಕಣಮ್ಮ. ಚೀಟಿಯಲ್ಲಿ ಇಳಿಯೋ ಹೊತ್ತು ಹಾಕಿರೋದು ಅಲ್ಲಿಯ ಗಡಿಯಾರದ ಪ್ರಕಾರ. ಅದು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ," ಎಂದೆ.

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಗಾಬರಿಯಲ್ಲಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನನ್ನ ಭೂಗೋಳದ ಮೇಲೆ ನನಗೇ ಸಿಟ್ಟು ಬಂತು.

"ಹಂಗಾದ್ರೆ ಈಗ ಅಲ್ಲಿ ಎಷ್ಟು ಗಂಟೆ?"

"ಒಂಬತ್ತೂಮುಕ್ಕಾಲು."

"ಇವರು ಬೊಂಬಾಯಿ ಬಿಡೋದು?"

"ಹತ್ತಕ್ಕೆ."

"ಮತ್ತೆ ಇನ್ನೂ ಕಾಲು ಗಂಟೆ ಐತಲ್ಲ," ಎಂದು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದಳು. "ಹೊರಡದೇ ಇರೋರಿಗೆ ಯಾಕೆ ಉಪವಾಸ ಇರ್ಲಿ ಮೇಷ್ಟ್ರೇ?"

ಇದು ಲೆಕ್ಕದಲ್ಲಿ ಹೇಗೆ ತಪ್ಪು ಎಂದು ಹೇಳಿಬಿಡುತ್ತೇನೆ. ಹೊರಡುವ ಹೊತ್ತು ಬೊಂಬಾಯಿ ಗಡಿಯಾರದ್ದು, ಅದನ್ನೂ ಮಸ್ಕತ್ತಿನ ಗಡಿಯಾರಕ್ಕೆ ಇಳಿಸಿಕೊಂಡರೆ... ಊಟಕ್ಕೆ ಬಂದೆ ಕಣೇ, ಒಂದು ಸಾಲು ಇದೆ... ಇಳಿಸಿಕೊಂಡರೆ ಅಲ್ಲಿಯ ಎಂಟೂವರೆ ಎಂದರೆ ಇಲ್ಲಿಯ...