ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ, ಅಕ್ಕನ ಹೆಗ್ಗಣದ ಪರವಾಗಿ

ಮಾನ್ಯ ನೂತನ ಆಪರೇಟಿಂಗ್ ಸಿಸ್ಟಮ್ ಮಹಾಶಯರೇ,

ಕಳೆದ ತಿಂಗಳು ತಾವು ನಮ್ಮ ಮನೆಯ ಕಂಪ್ಯೂಟರಿಗೆ, ಯಾರೂ ಕರೆಯದಿದ್ದರೂ ದೊಡ್ಡ ಮನಸ್ಸು ಮಾಡಿ ಬಿಜಯಂಗೈದಂದಿನಿಂದ ನಮ್ಮ ಬಾಳಿಗೆ ಬಂದಿರುವ ಕಳೆಯನ್ನು ನೆನೆದು, ಬೀಗ ರಿಪೇರಿ ಮಾಡಿ ಬದುಕುವ ಈ ಬಡಪಾಯಿ ಕೈಮುಗಿದು ಸಲ್ಲಿಸುವ ಅಹವಾಲು.

ನನ್ನ ಅಕ್ಕ ನಿವೃತ್ತ ಗಣಿತ ಟೀಚರು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದಾಳೆ. ದಿನಾ ಮಡಿಸದಿದ್ದರೆ ಕಾಲು ಕೊರಡಾಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರೂ, ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಸ್ಟ್ ಹೆಂಗಸಿಗೆ ಬಾಗಿಲಿನ ಕಡೆ ಬೆರಳು ತೋರಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ: ಇಪ್ಪತ್ತೆರಡು ವರ್ಷಗಳ ಹಿಂದೆ, ನಡುವಯಸ್ಸಿನವರೆಂಬ ನಾಚಿಕೆಯಿಲ್ಲದೆ ನಾವಿಬ್ಬರೂ ಒಂದೇ ಕುರ್ಚಿಗೆ ಕಿತ್ತಾಡಿ ಆಡುತ್ತಿದ್ದ, ಹೆಗ್ಗಣವೊಂದು ಬಿಲ ತೋಡುತ್ತ ಬೆಕ್ಕಿನಿಂದ ತಪ್ಪಿಸಿಕೊಳ್ಳುವ ಆಟ. ನಲವತ್ತು ಹಂತಗಳಲ್ಲಿ ಅವಳು ಕೊನೆಯದೊಂದನ್ನು ಮಾತ್ರ ಗೆದ್ದಿರಲಿಲ್ಲ. “ಆ ಬೆಕ್ಕಿಗೊಂದು ಗತಿ ಕಾಣಿಸೋವರೆಗೂ ಕಾಲು ಅಲ್ಲಾಡಿಸಲ್ಲ ಕಣೋ” ಎಂದುಬಿಟ್ಟಳು.

ಹಳೆಯ ಸಿಡಿ ಹುಡುಕಿ ಹಾಕಿದೆ. “ಈ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ” ಎಂದಿರಿ. ಕಾರಣ ಕೇಳಿದರೆ ಮೌನ. ದೊಡ್ಡವರ ಲಕ್ಷಣವೇ ಅದು. ಗೋಗರೆದಾಗ, ನಿರ್ವಾಹಕರ ಅನುಮತಿ ತನ್ನಿ ಎಂದು ಅಪ್ಪಣೆ ಕೊಡಿಸಿದಿರಿ. ಊರಿನ ಅರ್ಧ ಬೀಗಗಳನ್ನು ಒಂದು ತಂತಿಯಲ್ಲಿ ತೆಗೆದ ನಾನು, ನನ್ನದೇ ಕಂಪ್ಯೂಟರಿನ ಮುಂದೆ ನಿಂತು ನನಗೆ ನಾನೇ ಅನುಮತಿ ಕೊಟ್ಟುಕೊಳ್ಳುವ ಭಾಗ್ಯವನ್ನು ಎಂದೂ ಮರೆಯಲಾರೆ. ಕಡೆಗೆ ಆಟ ತೆರೆಯಿತು. ಆದರೆ ತಮ್ಮ ಅಗಾಧ ವೇಗದಲ್ಲಿ, ಅಕ್ಕ ಕೀಲಿಯ ಮೇಲೆ ಬೆರಳಿಡುವಷ್ಟರಲ್ಲಿ ಹೆಗ್ಗಣ ಹನ್ನೊಂದು ಸಲ ಸತ್ತಿತ್ತು. “ಇದು ಆಟ ಅಲ್ವೋ, ಕೊಲೆ!” ಎಂದು ಅವಳು ಗೋಡೆಗೆ ತಿರುಗಿ ಮಲಗಿದಳು.

ಇದನ್ನು ನೋಡುತ್ತ ನಿಂತಿದ್ದ ಫಿಸಿಯೋಥೆರಪಿಸ್ಟ್, “ಟೀಚರ್, ನೀವು ಕಾಲನ್ನ ತೊಂಬತ್ತು ಡಿಗ್ರಿ ಮಡಿಸಿ, ಹೆಗ್ಗಣಾನ ನಾನು ನಡೆಸಿಕೊಡ್ತೀನಿ” ಎಂದರು. ಅಕ್ಕ ಅರವತ್ತಕ್ಕೆ ಕೂಗಿದಳು. ಚೌಕಾಸಿ ಎಪ್ಪತ್ತೈದಕ್ಕೆ ನಿಂತಿತು. ಆ ಪುಣ್ಯಾತ್ಗಿತ್ತಿ ಹಳೆಯ ಕಂಪ್ಯೂಟರಿನಂತೆ ನಟಿಸುವ ಒಂದು ಪ್ರೋಗ್ರಾಂ ಹಾಕಿ, ತಮ್ಮಂಥ ಅತ್ಯಾಧುನಿಕರಿಗೆ ಮುದಿ ಯಂತ್ರದ ವೇಷ ತೊಡಿಸಿದರು. ವಯಸ್ಸಾಗಿದೆಯೆಂದು ನಂಬಿಸಿದ ಕೂಡಲೇ ತಾವು ಅದೆಷ್ಟು ಮರ್ಯಾದಸ್ಥರಾದಿರಿ! ಹೆಗ್ಗಣ ತನ್ನ ಹಳೆಯ ನಡಿಗೆಯಲ್ಲೇ ನಡೆಯಿತು. ಅಕ್ಕ ಹಲ್ಲು ಕಚ್ಚಿ ಕಾಲು ಮಡಿಸಿದಳು. ಒಂದು ಹಂತಕ್ಕೆ ಹತ್ತು ಸಲದಂತೆ, ಅಳುತ್ತಲೇ, ಬೆಕ್ಕನ್ನು ಬೈಯುತ್ತಲೇ.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನೀರಿನ ಪಾತ್ರೆ ಹಿಡಿದು ತಿರುಗುತ್ತೇನೆ, ಬಾಗಿಲಲ್ಲಿ ಅಕ್ಕ! ಅವಳ ವಾಕರ್ ಇನ್ನೂ ಮಂಚದ ಪಕ್ಕದಲ್ಲೇ ಇತ್ತು. “ಬೆಕ್ಕು ಗುಂಡಿಗೆ ಬಿತ್ತು ಕಣೋ!” ಎಂದು ಕೂಗಿದಳು. ಪಾತ್ರೆ ಕೈಜಾರಿತು, ನೀರಿನಲ್ಲಿ ನಾನೂ ಜಾರಿದೆ. ಬಿದ್ದವನು ನಾನು, ಎಬ್ಬಿಸಲು ಕೈಚಾಚಿದವಳು ಅವಳು. ಆಮೇಲೆ ಇಬ್ಬರೂ ಒದ್ದೆ ನೆಲದ ಅಂಚಿನಲ್ಲಿ ನಿಂತು ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಆದುದರಿಂದ ತಮ್ಮಲ್ಲಿ ನನ್ನದೊಂದೇ ಕೋರಿಕೆ: ತಾವು ಒಂದು ದಿನ ನನ್ನ ಅಂಗಡಿಯಲ್ಲಿ ಕೂತು, ಅಜ್ಜನ ಕಾಲದ ಪೆಟ್ಟಿಗೆಗೆ ಕೀಲಿ ಮಾಡಿಕೊಡಿ ಎಂದು ಬಂದ ಮುದುಕಿಯೊಬ್ಬಳಿಗೆ, “ಈ ಬೀಗ ಈ ಅಂಗಡಿಯಲ್ಲಿ ನಡೆಯುವುದಿಲ್ಲ” ಎಂದು ಹೇಳಿ ನೋಡಬೇಕು. ಆಕೆ ಬಾಯಿಬಿಟ್ಟು ಏನೇನು ಹೇಳುತ್ತಾಳೋ ಅದನ್ನೆಲ್ಲ ಈ ದೂರಿನ ಉಳಿದ ಭಾಗವೆಂದು ದಯಮಾಡಿ ಸ್ವೀಕರಿಸುವುದು.

ಇಂತು, ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿ,
ಬೀಗದವನು

ಮರೆತ ಮಾತು: ಈ ಪತ್ರವನ್ನು ಕಾಗದದ ಮೇಲೆ ಪೆನ್ನಿನಿಂದ ಬರೆದಿದ್ದೇನೆ. ಬರೆಯುತ್ತಿರುವಾಗ ಕಾಗದವು ಒಮ್ಮೆಯೂ ತನ್ನಷ್ಟಕ್ಕೆ ತಾನೇ ಆಫ್ ಆಗಿ, ಶೇಕಡಾ ಮೂವತ್ತು ಮುಗಿದಿದೆ, ಕಾಯಿರಿ ಎನ್ನಲಿಲ್ಲ. ತಮ್ಮ ಗಮನಕ್ಕಿರಲಿ.