ವರ್ಷಕ್ಕೊಂದು ವಾರದ ಸ್ವಂತ ಮನೆ

ನಿಮಗೆ ಸ್ವಂತ ಮನೆ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತೇನೆ. ಕೇಳಿದವರು ನನ್ನ ತಲೆ ಸರಿಯಿಲ್ಲವೆಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಈ ಒಂದು ವಿಷಯದಲ್ಲಿ ನನ್ನ ತಲೆ ನಿಜಕ್ಕೂ ಸರಿಯಿಲ್ಲ. ಸೋಜಿಗವೆಂದರೆ, ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಕಾಗದಪತ್ರ ನೋಡುವುದೇ ನನ್ನ ಉದ್ಯೋಗ. ಯಾವ ಹೊಲ ಯಾರದು, ಉಳುವವರು ಯಾರು, ಅಣ್ಣನಿಗೆಷ್ಟು ತಮ್ಮನಿಗೆಷ್ಟು, ಬದುವಿನ ಮೇಲಿನ ಬೇವಿನ ಮರ ಯಾರ ಪಾಲಿನದು ಎಂದು ಕೇಳಿಕೊಂಡು ಬರುವವರಿಗೆ ಕನ್ನಡಕವನ್ನು ಮೂಗಿನ ಮೇಲೇರಿಸಿ ಗತ್ತಿನಿಂದ ಹೇಳುತ್ತೇನೆ. ಅಂಥ ನಾನು, ನನಗೆ ಸೇರಿದ್ದು ಏನು, ಎಷ್ಟು, ಯಾವಾಗ ಎಂಬುದನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ.

ನಾವಿರುವುದು ಅಡಿಕೆ ವ್ಯಾಪಾರಿ ರುದ್ರಪ್ಪನವರ ವಠಾರದ ಕೊನೆಯ ಮನೆಯಲ್ಲಿ, ಬಾಡಿಗೆಗೆ. ರುದ್ರಪ್ಪನವರು ಕೆಟ್ಟವರಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ, ಎದುರು ಸಿಕ್ಕಾಗ ಎಲೆ ಅಡಿಕೆ ಚೀಲ ಬಿಚ್ಚುತ್ತಾರೆ. ಆದರೆ ಅಡುಗೆಮನೆಯ ಹೆಂಚು ಸೋರುತ್ತದೆ ಎಂದರೆ ಮಾತ್ರ ಅವರ ಮುಖದ ಮೇಲೆ ಎಲ್ಲಿಲ್ಲದ ಸಮಾಧಾನ ಬಂದು ಕೂರುತ್ತದೆ. "ಮಾಡ್ಸಾಣ ಬಿಡ್ರಿ ಪರಮೇಶಪ್ಪನೋರೆ, ಮಳೆಗಾಲ ಒಂದು ಮುಗೀಲಿ" ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ನೆನಪಿಸಿದರೆ ಮಾಡಿನ ಕಡೆ ಕತ್ತೆತ್ತಿ, "ಈಗೇನೂ ಸೋರ್ತಾ ಇಲ್ವಲ್ಲ" ಎನ್ನುತ್ತಾರೆ. ಎರಡೂ ಮಾತು ನಿಜವಾದ್ದರಿಂದ ನಾನು ವಾದ ಮಾಡದೆ ಒಳಗೆ ಬರುತ್ತೇನೆ. ಒಳಗೆ ನನ್ನ ಹೆಂಡತಿ ಗಿರಿಜಾ ಸೋರುವ ಜಾಗಕ್ಕೆಲ್ಲ ಒಂದೊಂದು ಪಾತ್ರೆ ಇಟ್ಟು, "ಏನಂದ್ರು?" ಎಂದು ಕೇಳುತ್ತಾಳೆ. ಏನಂದರು ಎಂಬುದು ಅವಳಿಗೂ ಗೊತ್ತು. ಮದುವೆಯಾಗಿ ಬಂದಾಗಿನಿಂದ ಅವಳ ಆಸೆ ಒಂದೇ. ತನ್ನದು ಎನ್ನುವ ಮನೆಯಲ್ಲಿ ಒಂದು ಸಲ ಹಾಲು ಉಕ್ಕಿಸಬೇಕು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲದ ಮನೆಯಾದರೆ ಸಾಕು, ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ. ಅದಕ್ಕೆಂದೇ, ಒಂದು ನಿವೇಶನ ಕೊಳ್ಳಲು, ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಡುತ್ತಿದ್ದೆವು.

ಅಷ್ಟರಲ್ಲಿ ನಾವು ದಾವಣಗೆರೆಯ ವಸ್ತುಪ್ರದರ್ಶನಕ್ಕೆ ಹೋದೆವು. ಅಲ್ಲಿ ಒಂದು ಮಳಿಗೆಯಲ್ಲಿ ಚೀಟಿಯ ಮೇಲೆ ಹೆಸರು ಬರೆದು ಡಬ್ಬಿಗೆ ಹಾಕಿದರೆ ಬಹುಮಾನವೆಂದರು. ಬರೆದು ಹಾಕಿದೆ. ನಾನು ಜೀವಮಾನದಲ್ಲಿ ಏನನ್ನೂ ಗೆದ್ದವನಲ್ಲ. ಶಾಲೆಯ ಗೋಣಿಚೀಲದ ಓಟದಲ್ಲಿ ಸಹ ಚೀಲದ ಸಮೇತ ಬಿದ್ದವನು. ಆದ್ದರಿಂದ ಹದಿನೈದು ದಿನದಲ್ಲಿ, ನಿಮಗೆ ಬಹುಮಾನ ಬಂದಿದೆ, ಪತ್ನಿಯ ಜೊತೆಗೇ ಬಂದು ತೆಗೆದುಕೊಂಡು ಹೋಗಬೇಕು ಎಂಬ ಕಾಗದ ಬಂದಾಗ ನನಗೆ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು. ದಾವಣಗೆರೆಯ ದೊಡ್ಡ ಹೋಟೆಲೊಂದರ ಮಹಡಿಯಲ್ಲಿ ನಮ್ಮನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ ಮೊದಲು ಐಸ್ ಕ್ರೀಂ ಕೊಟ್ಟರು, ಆಮೇಲೆ ಊಟ ಕೊಟ್ಟರು. ಊಟಕ್ಕೆ ಮುಂಚೆಯೇ ಐಸ್ ಕ್ರೀಂ ಕೊಟ್ಟಾಗಲೇ ನನಗೆ ಅರ್ಧ ಗೊಂದಲ ಶುರುವಾಗಿತ್ತು. ಟೈ ಕಟ್ಟಿದ ಒಬ್ಬ ತರುಣ ಎದುರಿಗೆ ಕೂತು ನೀಲಗಿರಿ ಕಡೆಯ ಬೆಟ್ಟದ ಊರೊಂದರ ಬಣ್ಣದ ಚಿತ್ರಗಳನ್ನು ಹರಡಿದ. ಕೆಂಪು ಛಾವಣಿ, ಹಸಿರು ಹುಲ್ಲು, ಹುಲ್ಲಿನ ಮೇಲೆ ನಗುತ್ತಾ ಓಡುವ ಒಂದು ಸಂಸಾರ. ಆ ಸಂಸಾರದ ಯಜಮಾನನಿಗೆ ನನ್ನ ಹಾಗೆಯೇ ಬೋಳುತಲೆಯಿತ್ತು. ಅದೇ ನನ್ನನ್ನು ಕೆಡಿಸಿತು.

ಅವನು ಹೇಳಿದ್ದು ಇಷ್ಟು: ಅಲ್ಲೊಂದು ಮನೆ ನಮ್ಮದಾಗುತ್ತದೆ, ಆದರೆ ವರ್ಷದಲ್ಲಿ ಒಂದು ವಾರ ಮಾತ್ರ. ಮಿಕ್ಕ ವಾರಗಳಲ್ಲಿ ಬೇರೆ ಬೇರೆಯವರದು. ವಾರಗಳಿಗೆ ಬಣ್ಣಗಳಿದ್ದವು. ಕೆಂಪು ವಾರ ದುಬಾರಿ, ನೀಲಿ ವಾರ ಅಗ್ಗ. ನಾನು ನೀಲಿ ಬಣ್ಣ ನನಗೆ ಮೊದಲಿನಿಂದಲೂ ಇಷ್ಟ ಎಂದೆ. "ಹಾಗಾದರೆ ಮನೆಯ ಯಾವ ಭಾಗ ನಮ್ಮದು?" ಎಂದು ಕೇಳಿದೆ. "ಪೂರ್ತಿ ನಿಮ್ಮದೇ ಸಾರ್" ಎಂದ. "ಮತ್ತೆ ಉಳಿದವರದು?" "ಅವರದೂ ಪೂರ್ತಿಯೇ ಸಾರ್." ಇಷ್ಟು ವರ್ಷ ಪಾಲುಪಟ್ಟಿ ನೋಡಿದವನಿಗೆ ಇಂಥ ಪಾಲು ಕಂಡಿರಲಿಲ್ಲ. ಆದರೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಸರ್ಕಾರಿ ನೌಕರನ ಮರ್ಯಾದೆ ಏನಾಗಬೇಕು? ತಲೆಯಾಡಿಸಿದೆ. ಗಿರಿಜಾ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಮನಿ ನಮ್ಮ ಹೆಸರಿಗೆ ಆಗ್ತೈತೇನಪ್ಪ?" "ನಿಮ್ಮ ಹೆಸರಿಗೇ ಅಮ್ಮ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಮ್ಮದೇ." ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಎಂಥ ಸಂತೋಷವಿತ್ತೆಂದರೆ, ನಾನು ಪೆನ್ನು ಕೇಳಿ ತೆಗೆದುಕೊಂಡೆ. ನಿವೇಶನದ ದುಡ್ಡು ನೀಲಿ ವಾರಕ್ಕೆ ಹೋಯಿತು. ಬಹುಮಾನವಾಗಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ನೇತು ಹಾಕಲು ಮೊಳೆ ಹೊಡೆಯಬಹುದೇ ಎಂದು ರುದ್ರಪ್ಪನವರನ್ನು ಕೇಳಬೇಕಾಯಿತು.

ಕೊಂಡದ್ದು ಸುಲಭ, ಕೊಂಡದ್ದೇನೆಂದು ನೆಂಟರಿಗೆ ವಿವರಿಸುವುದೇ ಕಷ್ಟವಾಯಿತು. ಗಿರಿಜಾಳ ತಮ್ಮ ತಿಪ್ಪೇಸ್ವಾಮಿ ಜಗಳೂರು ಕಡೆ ಸೊಕ್ಕೆಯವನು, ಜೋಳ ಸಜ್ಜೆ ಬೆಳೆಯುವವನು. ಅವನು ಪೂರ್ತಿ ಕೇಳಿಸಿಕೊಂಡು, "ಅಲ್ಲ ಭಾವ, ಉಳಿದ ದಿನ ಮನಿ ಎಲ್ಲಿಗೆ ಹೋಗ್ತೈತೆ?" ಎಂದ. "ಎಲ್ಲಿಗೂ ಹೋಗಲ್ಲ, ಅಲ್ಲೇ ಇರ್ತದೆ." "ಅಲ್ಲೇ ಇದ್ರೆ ನಾವ್ಯಾಕೆ ಹೋಗಂಗಿಲ್ಲ?" ಕಚೇರಿಗೆ ಬರುವ ಸೂಳೆಕೆರೆ ಕೆಳಗಿನ ಗದ್ದೆಯ ರೈತರೊಬ್ಬರಿಗೆ ಹೇಳಿದಾಗ ಮಾತ್ರ ಅವರು ತಕ್ಷಣ, "ಹಂಗಾದ್ರೆ ನೀರಿನ ಪಾಳಿ ಇದ್ದಂಗೆ ಅನ್ರಿ. ಕಾಲುವೆ ಎಲ್ಲಾರ್ದು, ನಮ್ಮ ಪಾಳಿ ದಿನ ನಮ್ಮ ಗದ್ದಿಗೆ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ತಿಪ್ಪೇಸ್ವಾಮಿಗೆ ಅದನ್ನೇ ಹೇಳಿದೆ. ಅವನು, "ನಮ್ಮ ಸೊಕ್ಕೇಲಿ ಕಾಲುವೆನೇ ಇಲ್ಲ ಭಾವ" ಎಂದ. ಮತ್ತೆ ಮೊದಲಿನ ಸ್ಥಿತಿಗೇ ಬಂದೆವು.

ಗಿರಿಜಾಳಿಗೆ ಈ ಗೊಂದಲ ಯಾವುದೂ ಇರಲಿಲ್ಲ. ಮನೆ ತಗೊಂಡ ಮೇಲೆ ಗೃಹಪ್ರವೇಶ ಆಗಬೇಕು, ಅಷ್ಟೇ. "ಅದು ಅಂಥ ಮನೆಯಲ್ಲ ಗಿರಿಜಾ, ಹೋಗಿ ನಾಲ್ಕು ದಿನ ಇದ್ದು ಬರೋದು" ಎಂದು ನಾನು ನಿಧಾನವಾಗಿ ಹೇಳಿ ನೋಡಿದೆ. "ಹಾಲು ಉಕ್ಕಿಸ್ದೆ ಸ್ವಂತ ಮನ್ಯಾಗೆ ಹೆಂಗೆ ಮಲಗೋದ್ರೀ? ಯಾರಾದ್ರೂ ಹಂಗೆ ಮಾಡ್ತಾರಾ?" ಎಂದಳು. ಯಾರೂ ಮಾಡುವುದಿಲ್ಲವೆಂದು ಒಪ್ಪಿಕೊಂಡು ಅಯ್ಯನವರ ಹತ್ತಿರ ಮುಹೂರ್ತ ಕೇಳಲು ಹೋದೆ. ಅವರು ಪಂಚಾಂಗ ತೆರೆದು, "ಯಾವಾಗ ಅನುಕೂಲ?" ಎಂದರು. ಜುಲೈ ಮೊದಲನೆಯ ವಾರ ಮಾತ್ರ ಎಂದೆ. ಪುಟ ತಿರುವಿ ತಲೆ ಅಲ್ಲಾಡಿಸಿದರು. "ಆಷಾಢ ಬರ್ತೈತಲ್ರೀ. ಮುಂದಿನ ತಿಂಗ್ಳಾಗೆ ಅಥವಾ ಹಿಂದಿನ ತಿಂಗ್ಳಾಗೆ ನೋಡಣ." ಹಿಂದಿನ ತಿಂಗಳು ಆ ಮನೆ ನನ್ನದಾಗಿರುವುದಿಲ್ಲ ಎಂದೆ. "ಮುಂದಿನ ತಿಂಗಳು?" ಆಗಲೂ ನನ್ನದಲ್ಲ ಎಂದೆ. ಅವರು ಪಂಚಾಂಗ ಮುಚ್ಚಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು. ನೀಲಿ ವಾರ ಅಗ್ಗ ಯಾಕೆಂದು ನನಗೆ ಗೊತ್ತಾದದ್ದು ಆವತ್ತು. ಅದು ಮಳೆಯ ವಾರ. ನಮ್ಮ ಲೆಕ್ಕದಲ್ಲಿ ಆಷಾಢದ ವಾರ. ಕೊನೆಗೆ ಅಯ್ಯನವರೇ ಕನಿಕರದಿಂದ, ಮುಂದಿನ ವರ್ಷ ಅಧಿಕ ಮಾಸ ಬರುತ್ತದೆ, ಆಗ ಆಷಾಢ ಸ್ವಲ್ಪ ಮುಂದಕ್ಕೆ ಹೋಗುತ್ತದೆ ಎಂದು ದಾರಿ ತೋರಿಸಿದರು. ಹೀಗೆ ಮೊದಲನೆಯ ವರ್ಷ ನಮ್ಮ ಮನೆ ನಮ್ಮ ವಾರದಲ್ಲಿ ಬೀಗ ಹಾಕಿಕೊಂಡೇ ಇತ್ತು. ಹೋಗದಿದ್ದರೂ, ಮನೆ ಗುಡಿಸಿದ್ದಕ್ಕೆ ದುಡ್ಡು ಕಳಿಸಿ ಎಂಬ ಕಾಗದ ಮಾತ್ರ ತಪ್ಪದೆ ಬಂತು.

ಮುಂದಿನ ವರ್ಷ ಆಷಾಢ ಸರಿದು ಜಾಗ ಬಿಟ್ಟಿತು. ಗಿರಿಜಾ ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆಯ ನೆಂಟರಿಗೂ ಕುಂಕುಮ ಕೊಟ್ಟು ಕರೆದಳು. ಇಷ್ಟು ದೂರ ಯಾರು ಬರುತ್ತಾರೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಬೆಟ್ಟದ ಊರು ಎಂದ ಮೇಲೆ ಯಾರು ಬಿಡುತ್ತಾರೆ? ಒಂದು ಮೆಟಡೋರ್ ವ್ಯಾನು ತುಂಬಿತು. ಮಳೆಯಲ್ಲಿ ತೊಯ್ದುಕೊಂಡು ಬೆಟ್ಟ ಹತ್ತಿ ಮುಟ್ಟಿದಾಗ ಅಲ್ಲಿನ ಮ್ಯಾನೇಜರು ಕೊಡೆ ಹಿಡಿದು ಬಂದು, "ನಿಮಗೆ ನಾಲ್ಕು ಜನರಿಗೆ ಮಾತ್ರ ಅವಕಾಶ" ಎಂದರು. ಇಲ್ಲಿ ಇರುವವರು ನಾವಿಬ್ಬರೇ, ಮಿಕ್ಕವರು ಗೃಹಪ್ರವೇಶಕ್ಕೆ ಬಂದವರು ಎಂದೆ. ಅವರಿಗೆ ಆ ಪದ ಅರ್ಥವಾಗಲಿಲ್ಲ. ಅಲ್ಲೇ ಕೆಲಸಕ್ಕಿದ್ದ, ಕನ್ನಡ ಬಲ್ಲ ತಮಿಳಿನವರೊಬ್ಬರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ಅವರು ನಂಬುವಷ್ಟರಲ್ಲಿ ತಿಪ್ಪೇಸ್ವಾಮಿ ಬಾಗಿಲಿಗೆ ಮಾವಿನ ತೋರಣ ಕಟ್ಟಿಯಾಗಿತ್ತು.

ಮನೆ ಚೆನ್ನಾಗಿಯೇ ಇತ್ತು. ಚಿತ್ರದಲ್ಲಿದ್ದ ಹುಲ್ಲು ಕೆಸರಿನ ಕೆಳಗೆ ಎಲ್ಲೋ ಇತ್ತು ಎಂದು ಹೇಳಿದರು. ಅಡುಗೆಮನೆಯಲ್ಲಿ ಕರೆಂಟಿನ ಒಲೆ. ಗಿರಿಜಾ ಹೊಸ ಸೀರೆಯುಟ್ಟು, ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಹಾಲಿಟ್ಟಳು. ಎಲ್ಲರೂ ಸುತ್ತ ನಿಂತೆವು. ಹಾಲು ಉಕ್ಕಿತು. ಪೂರ್ವದ ಕಡೆಗೇ ಉಕ್ಕಿತು. ಉಕ್ಕಿದ್ದೇ ತಡ ಒಲೆ ಚಟ್ ಎಂದಿತು, ದೀಪಗಳೆಲ್ಲ ಹೋದವು, ಅಕ್ಕಪಕ್ಕದ ಮನೆಗಳ ದೀಪಗಳೂ ಹೋದವು. ಆ ಕತ್ತಲಲ್ಲಿ ಗಿರಿಜಾ, "ಉಕ್ಕಿತಲ್ಲ, ಸಾಕು ಬಿಡ್ರಿ" ಎಂದಳು. ನನ್ನ ಕಣ್ಣು ಒದ್ದೆಯಾಯಿತು. ಹೊರಗೆ ಮ್ಯಾನೇಜರು ಯಾವುದೋ ಭಾಷೆಯಲ್ಲಿ ಕೂಗಾಡುತ್ತಿದ್ದರು.

ನೆಂಟರು ಮುಯ್ಯಿ ಮಾಡಿ, ತಿರುಗಾಡಿ, ಊರಿಗೆ ಹೊರಟರು. ನಾವಿಬ್ಬರೇ ಉಳಿದ ದಿನಗಳಲ್ಲಿ ಗಿರಿಜಾ ಮುಯ್ಯಿಗೆ ಬಂದ ಸ್ಟೀಲ್ ಪಾತ್ರೆಗಳನ್ನೆಲ್ಲ ತೊಳೆದು ಅಲ್ಲಿನ ಬೀರುವಿನಲ್ಲಿ ಜೋಡಿಸಿದಳು. ಎರಡು ಮೊಳೆ ಹೊಡೆದಳು, ಯಾರನ್ನೂ ಕೇಳದೆ. ವಾರದ ಕೊನೆಯ ಬೆಳಗ್ಗೆ ಬೀರುವಿಗೆ ಚನ್ನಗಿರಿಯಿಂದಲೇ ತಂದಿದ್ದ ಬೀಗ ಹಾಕುತ್ತಿದ್ದಾಗ ಮ್ಯಾನೇಜರು ಬಂದು, ಮಧ್ಯಾಹ್ನಕ್ಕೆ ಮುಂದಿನ ಓನರ್ ಬರುತ್ತಾರೆ, ಎಲ್ಲ ಖಾಲಿ ಮಾಡಿ ಎಂದರು. "ಓನರ್ ನಾವಲ್ವೇನ್ರೀ?" ಎಂದು ಅವಳು ನನ್ನನ್ನು ಕೇಳಿದಳು. ಕಾಲುವೆ, ಪಾಳಿ ಎಂದು ನಾನೇನೋ ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಬೀಗವನ್ನು ಸೆರಗಿಗೆ ಒರೆಸುತ್ತಿದ್ದಳು. ನನಗೆ ಆವತ್ತಿನಷ್ಟು ಬೇಜಾರು ಎಂದೂ ಆಗಿಲ್ಲ. ಆದರೆ ಮುಂದಿನ ವಾರದ ಸಂಸಾರ ಪೆಟ್ಟಿಗೆ ಹಿಡಿದು ಬಂದಾಗ ಅವಳೇ ಎದ್ದು, ಆ ಹೆಂಗಸಿಗೆ ಕುಂಕುಮ ಕೊಟ್ಟು, "ಒಲಿ ಮೇಲೆ ಹಾಲು ಉಕ್ಕಿಸ್ಬೇಡ್ರಮ್ಮ, ಕರೆಂಟ್ ಹೋಗ್ತೈತೆ" ಎಂದಳು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ.

ಪಾತ್ರೆ ಗಂಟು ಹೊತ್ತು ಚನ್ನಗಿರಿಯಲ್ಲಿ ಬಸ್ಸಿಳಿದು ವಠಾರಕ್ಕೆ ಬಂದರೆ, ರುದ್ರಪ್ಪನವರು ಜಗಲಿಯ ಮೇಲೆಯೇ ಕೂತಿದ್ದರು. "ಗೃಹಪ್ರವೇಶ ಚೆಂದ ಆತಂತೆ. ಬಾಳ ಸಂತೋಷ" ಎಂದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, "ಸ್ವಂತ ಮನಿ ಆದ ಮ್ಯಾಲೆ ಬಾಡಿಗೆ ಮನ್ಯಾಗೆ ಯಾಕಿರ್ತೀರಿ? ಬ್ಯಾಂಕಿನೋರೊಬ್ರು ಮನಿ ಕೇಳಾಕೆ ಹತ್ಯಾರೆ. ಯಾವಾಗ ಖಾಲಿ ಮಾಡ್ತೀರಿ?" ಎಂದರು. ಗಿರಿಜಾ ಪಾತ್ರೆ ಗಂಟು ಹೊತ್ತು ಒಳಗೆ ಹೋದಳು. ವಾರ, ಬಣ್ಣ, ಪಾಳಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ರುದ್ರಪ್ಪನವರು ಕೊನೆಯವರೆಗೂ ಕೇಳಿ, "ಅಂದ್ರೆ ಮನಿ ಐತೋ ಇಲ್ವೋ?" ಎಂದರು. ಇದೆ ಎಂದರೆ ಈ ಮನೆ ಹೋಗುತ್ತದೆ. ಇಲ್ಲ ಎಂದರೆ ಒಳಗೆ ಪಾತ್ರೆ ಎತ್ತಿಡುತ್ತಿರುವ ಗಿರಿಜಾಳ ಹಾಲು ಉಕ್ಕಿದ್ದು ಸುಳ್ಳಾಗುತ್ತದೆ.

ಉತ್ತರ ಕೊಟ್ಟವಳು ಗಿರಿಜಾ. ಹೊಸ್ತಿಲಿಗೆ ಬಂದು ತಲೆ ಮೇಲೆ ಸೆರಗೆಳೆದುಕೊಂಡು, "ಐತೆ ಸಾವ್ಕಾರ್ರೆ. ಮುಂದಿನ ವರ್ಷ ನಮ್ಮ ವಾರ ಆಷಾಢಕ್ಕೆ ಬರ್ತೈತೆ, ನಾವು ಹೋಗಾಕಾಗಲ್ಲ. ನೀವು ಅಕ್ಕೋರ್ನ ಕರ್ಕೊಂಡು ಹೋಗಿ ಇದ್ದು ಬರ್ರಿ. ಹಾಲು ಉಕ್ಕಿಸಿ ಆಗೈತೆ, ನಿಮಗೇನೂ ಅಡ್ಡಿ ಇಲ್ಲ. ನಿಮ್ಮ ಹತ್ರ ಏನು ಬಾಡಿಗೆ ಇಸ್ಕಂಡೇವಾ?" ಎಂದಳು. ರುದ್ರಪ್ಪನವರು ಎಲೆ ಬಾಯಿಗಿಟ್ಟುಕೊಂಡರು. ಒಳಗಿನಿಂದ ಅವರ ಹೆಂಡತಿಯ ಬಳೆ ಸದ್ದು ಕೇಳಿಸಿತು. ಬ್ಯಾಂಕಿನವರ ಮಾತು ಮತ್ತೆ ಬರಲಿಲ್ಲ.

ಮುಂದಿನ ಜುಲೈಯಲ್ಲಿ ರುದ್ರಪ್ಪನವರು ಹೆಂಡತಿಯ ಸಮೇತ ನಮ್ಮ ಸ್ವಂತ ಮನೆಗೆ ಹೋದರು. ಆ ವಾರವೆಲ್ಲ ನಾನು ಅವರ ಮನೆಯ ದೀಪ ಹಚ್ಚಿ, ಅವರ ಎಮ್ಮೆಗೆ ನೀರಿಟ್ಟು, ಅವರ ಹೆಂಚಿನಿಂದ ಸೋರುವ ನೀರನ್ನು ನಮ್ಮ ಮುಯ್ಯಿ ಪಾತ್ರೆಗಳಲ್ಲಿ ಹಿಡಿದುಕೊಂಡಿದ್ದೆ. ಮನೆ ಮಾಲೀಕರು ಯಾರು, ಬಾಡಿಗೆಯವರು ಯಾರು ಎಂದು ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು.

ಅವರು ವಾಪಸು ಬಂದವರೇ, ಚೀಲ ಸಹ ಕೆಳಗಿಡದೆ, ನಮ್ಮ ಬಾಗಿಲಿಗೆ ಬಂದು ನಿಂತರು. ಮುಖ ಗಂಟಿಕ್ಕಿತ್ತು. "ಏನ್ರೀ ಪರಮೇಶಪ್ಪನೋರೆ, ನಿಮ್ಮ ಮನಿ ಸೋರ್ತೈತಲ್ರೀ? ಮಂಚದ ಮ್ಯಾಲೇ ತೊಟ್ಟಿಕ್ತೈತೆ. ನಮ್ಮಾಕಿ ರಾತ್ರಿಯೆಲ್ಲ ಕುಂತೇ ಇದ್ಲು. ನೋಡಿ ಸರಿ ಮಾಡ್ಸಾಕೆ ಏನಾಗೈತೆ ನಿಮಗೆ?"

ನಾನು ಅವರನ್ನು ನೋಡಿದೆ. ಹಿಂದೆ ನಿಂತಿದ್ದ ಗಿರಿಜಾಳನ್ನೂ ನೋಡಿದೆ. ಎಲ್ಲಿಂದಲೋ ಒಂದು ದೊಡ್ಡ ಸಮಾಧಾನ ನನ್ನ ಮುಖದ ಮೇಲೆ ಬಂದು ಕೂತಿತು. ಮೊಟ್ಟಮೊದಲ ಸಲ, ಕ್ಯಾಲೆಂಡರ್ ನೋಡದೆಯೇ, ನನಗೆ ಸ್ವಂತ ಮನೆಯಿದೆ ಎಂಬುದು ಖಾತ್ರಿಯಾಯಿತು.

"ಮಾಡ್ಸಾಣ ಬಿಡ್ರಿ ಸಾವ್ಕಾರ್ರೆ" ಎಂದೆ. "ಮಳೆಗಾಲ ಒಂದು ಮುಗೀಲಿ."